ಕಿಡಕಿ ಪರದಾದಿಂದ ಗೇಮಿನ ಪರದಾ ತನಕ

ಹೋದ ಸಲ ಉಪ್ಪಿನಕಾಯಿ ಭರಣಿ ಬಾಯಿಗಿ ಅರಿವಿ ಕಟ್ಟೋದರ ಬಗ್ಗೆ ಬರ್ದಿದ್ದೆ. ಈ ಸಲ ಪರದಾ ಹಾಕೋದು ಗೇಮಿನ ಯಂತ್ರಕ್ಕ. ನಗಬ್ಯಾಡ್ರಿ, ಪೂರಾ ಓದ್ರಿ. ಇವತ್ತಿಲ್ಲ ನಾಳಿ ನಿಮ್ಮ ಮನ್ಯಾಗೂ ಈ ಮಾತು ಬರ್ತದ.

ಬ್ಯಾಸಗಿ ಸೂಟಿಗಿ ಹೈದರಾಬಾದಿನಿಂದ ನನ್ನ ಮೊಮ್ಮಗಳು ಔರಾದಕ್ಕ ಬಂದಿದ್ದಳು. ಹನ್ನೆರಡು ವರ್ಷದ ಹುಡುಗಿ. ಅಕಿ ಕೈಯಾಗ ನಿಂಟೆಂಡೋ ಸ್ವಿಚ್ ಅನ್ನೋ ಗೇಮಿನ ಯಂತ್ರ. ಅಕಿ ಕಾಕಾ ದುಬೈದಿಂದ ತಂದು ಕೊಟ್ಟಾನ. ನಡುವ ಸ್ಕ್ರೀನ್, ಎರಡೂ ಬಾಜು ಗುಂಡಿ, ಎರಡೂ ಕೈಲಿಂದ ಅಡ್ಡ ಹಿಡಿದು ಆಡೋದು. ಬಂದು ಮೂರು ದಿನ ಆಗಿರಬೇಕು, ನನ್ನ ಸೆರಗ ಹಿಡ್ದು ಕೇಳಿದಳು: "ಆಯಿ, ಇದಕ್ಕೊಂದು ಪ್ರೈವೆಸಿ ಗ್ಲಾಸ್ ಕೊಡ್ಸು."

ಅದೇನು ಅಂತ ಕೇಳ್ದೆ. ಎದುರಿಗಿ ಹಿಡಿದವರಿಗಿ ಸ್ಕ್ರೀನ್ ಕಾಣ್ತದ, ಬಾಜು ಕುಂತವರಿಗಿ ಕರ್ರಗ ಕಾಣ್ತದ, ಅಂಥ ಗ್ಲಾಸ್ ಅಂತ. ನನ್ನ ಹೊಟ್ಟ್ಯಾಗ ಖಳ್ ಅಂತು. ಹನ್ನೆರಡು ವರ್ಷದ ಹುಡುಗಿಗಿ ಮುಚ್ಚಿಡಂಥಾದ್ದು ಏನದ? ರೊಟ್ಟಿ ಬಡೀಲಾಕತ್ತಿದ್ದ ನನ್ನ ನೆಗೆಣ್ಣಿ ಬಾಯಿ ಬಿಟ್ಟೇ ಅಂದಳು, "ಹೆಣ್ಣು ಹುಡುಗಿ ಮುಚ್ಚಿಟ್ಟು ನೋಡೋದು ಏನದ ಅಂತೀನಿ?"

ಆ ಮಾತು ಕೇಳಿದ ಕೂಡ್ಲೇ ನಾ ಮೂವತ್ತೈದು ವರ್ಷ ಹಿಂದ ಹೋದೆ. ಬೀದರದಾಗ ಪಿಯುಸಿ ಮುಗಿಸಿ, 1988ರಾಗ ಮದಿವಿಯಾಗಿ ಈ ಮನಿಗಿ ಬಂದೆ. ಪಡಸಾಲಿ ಕಿಡಕಿಗಿ ಆಗ ಬಿದಿರಿನ ಚಿಕ್ಕು ಇಳಿಬಿಟ್ಟಿದ್ರು. ಹೊರಗ ಕಟ್ಟಿ ಮ್ಯಾಲ ಗಂಡಸರು ಕುಂತಾಗ ನಾವು ಸೊಸ್ತೇರು ಅವರ ಕಣ್ಣಿಗಿ ಬೀಳಬಾರದು ಅಂತ. ಅದಕ್ಕ ಯಾರದೂ ತಕರಾರು ಇರ್ಲಿಲ್ಲ. ಒಂದಿನ ಮಧ್ಯಾಹ್ನ ನಾ ಅದೇ ಚಿಕ್ಕಿನ ಹಿಂದ ಕುಂತು ವಾರಪತ್ರಿಕಿ ಓದ್ಲಾಕತ್ತಿದ್ದೆ. ಅತ್ತಿ ನೋಡಿ ಅಂದ್ರು, "ಮುಚ್ಚಿಟ್ಟು ಓದೋದು ಏನದ?" ಅವರು ಕೆಟ್ಟವರಲ್ಲ, ದೇವರಂಥ ಮನಿಷಿ. ಆದ್ರ ನೋಡ್ರಿ, ಅವರು ಕಟ್ಟಿದ ಪರದಾದ ಹಿಂದ ನಾ ಕುಂತ್ರ ಮರ್ಯಾದಿ, ಅದೇ ಪರದಾ ನನ್ನ ಸಲುವಾಗಿ ಉಪಯೋಗ ಮಾಡಿದ್ರ ಸಂಶಯ. ಅವತ್ತು ನನಗ ಅದು ತಿಳೀಲಿಲ್ಲ. ಮೊಮ್ಮಗಳ ಗ್ಲಾಸಿನ ಸಲುವಾಗಿ ಪರದಾದ ಇತಿಹಾಸ ತಿರುವಿ ಹಾಕಿದಾಗ ತಿಳೀತು. ಅದನ್ನೇ ನಿಮಗ ಹೇಳ್ತೀನಿ.

ನಮ್ಮ ಬೀದರಿನಿಂದಲೇ ಸುರು ಮಾಡೋಣ. ಬಹಮನಿ ಸುಲ್ತಾನ ಅಹ್ಮದ್ ಷಾ ಕಲಬುರಗಿಲಿಂದ ರಾಜಧಾನಿ ಬೀದರಕ್ಕ ತಂದದ್ದು ಸುಮಾರು ಆರು ನೂರು ವರ್ಷದ ಹಿಂದ. ಕೋಟ್ಯಾಗ ಸೋಲಾ ಖಂಬ ಮಸೀದಿ ಅದಲ್ಲ, 1423-24ರ ಹೊತ್ತಿನದು, ಅದಕ್ಕ ಜನಾನಿ ಮಸೀದಿ ಅಂತ ಇನ್ನೊಂದು ಹೆಸರು. ಹತ್ತಿರದಾಗೇ ರಾಣೀವಾಸ, ಅಂದ್ರ ಜನಾನಾ ಇದ್ದದ್ದರಿಂದ ಆ ಹೆಸರು. ಹೆಣ್ಣುಮಕ್ಕಳ ಜಾಗಕ್ಕ ಒಂದು ಬ್ಯಾರೆ ಹೆಸರು, ಬ್ಯಾರೆ ಗ್ವಾಡಿ. ಅಲ್ಲೇ ರಂಗೀನ್ ಮಹಲ್ ನೋಡ್ರಿ. ಹದಿನಾರನೇ ಶತಮಾನದಾಗ ಅಲಿ ಬರೀದ್ ಷಾ ಅದನ್ನ ಸಿಂಗಾರ ಮಾಡ್ಸಿದ. ಕರಿ ಕಲ್ಲಿನಾಗ ಮುತ್ತಿನ ಚಿಪ್ಪು ಕೂಡ್ಸಿದ್ದು, ಕಟ್ಟಿಗಿ ಕಂಬದ ಕೆತ್ತನಿ ಇವತ್ತಿಗೂ ಅವ. ಅಷ್ಟು ಚಂದದ ಕೋಲಿ, ಆದ್ರ ಕುಂತವರಿಗಷ್ಟೇ ಕಾಣ್ಬೇಕು, ಹೊರಗಿನವರಿಗಲ್ಲ.

ಪೂರಾ ಗ್ವಾಡಿ ಕಟ್ಟಿದ್ರ ಒಳಗಿದ್ದವರಿಗಿ ಗಾಳಿ ಬೆಳಕು ಬರಂಗಿಲ್ಲ, ಹೊರಗಿಂದು ಕಾಣಂಗಿಲ್ಲ. ಅದಕ್ಕ ಹಿಂದಿನವರು ಜಾಳಿ ಕಂಡು ಹಿಡಿದ್ರು. ಕಲ್ಲಿನಾಗ, ಕಟ್ಟಿಗ್ಯಾಗ ಸಣ್ಣ ಸಣ್ಣ ತೂತು. ಜಾಳಿ ಕೆಲಸ ಹೆಂಗ ಅಂದ್ರ, ಹೊರಗ ಬಿಸಿಲು, ಒಳಗ ನೆಳ್ಳು. ಬಿಸಿಲಾಗ ನಿಂತವರ ಕಣ್ಣಿಗಿ ನೆಳ್ಳಿನಾಗಿದ್ದವರು ಕಾಣಂಗಿಲ್ಲ, ನೆಳ್ಳಿನಾಗಿದ್ದವರಿಗಿ ಬಿಸಿಲಾಗಿಂದು ಎಲ್ಲಾ ಕಾಣ್ತದ. ಜೈಪುರದ ಹವಾ ಮಹಲಿನ ಫೋಟೋ ನೀವೆಲ್ಲಾ ಕ್ಯಾಲೆಂಡರಿನಾಗ ನೋಡೀರಿ. 1799ರಾಗ ಸವಾಯಿ ಪ್ರತಾಪ್ ಸಿಂಗ್ ಕಟ್ಟಿಸಿದ್ದು, 953 ಸಣ್ಣ ಕಿಡಕಿ ಅವ ಅಂತ ಹೇಳ್ತಾರ. ಅರಮನಿ ಹೆಣ್ಣುಮಕ್ಕಳು ಅದರ ಹಿಂದ ನಿಂತು ಬಜಾರ, ಮೆರವಣಿಗಿ ನೋಡ್ತಿದ್ರು.

ಆದ್ರ ಜಾಳಿಗಿ ಒಂದು ಪೇಚು ಅದ. ರಾತ್ರಿ ಒಳಗ ದೀಪ ಹಚ್ಚಿ, ಹೊರಗ ಕತ್ತಲಾದ್ರ ಎಲ್ಲಾ ಉಲ್ಟಾ. ಹೊರಗಿದ್ದವರಿಗಿ ಒಳಗಿಂದು ಕಾಣ್ತದ. ನಮ್ಮ ಚಿಕ್ಕಿಂದೂ ಅದೇ ಕತಿ. ಸಂಜಿ ದೀಪ ಹಚ್ಚೋ ಮೊದ್ಲು ಚಿಕ್ಕಿನ ಮ್ಯಾಲ ದಪ್ಪ ಅರಿವಿ ಹಾಕು ಅಂತ ಅತ್ತಿ ದಿನಾ ಹೇಳ್ತಿದ್ರು. ಗೇಮಿನ ಸ್ಕ್ರೀನ್ ಅಂದ್ರ ತಾನೇ ಹೊಳೆಯೋ ದೀಪ. ಅದಕ್ಕ ಬರೇ ತೂತಿನ ಜಾಳಿ ಸಾಕಾಗಂಗಿಲ್ಲ, ಬ್ಯಾರೆ ಯುಕ್ತಿ ಬೇಕು. ಅದನ್ನ ಮುಂದ ಹೇಳ್ತೀನಿ.

ನಮ್ಮ ಅತ್ತಿ ನಿಜಾಮನ ಕಾಲದಾಗ ಹುಟ್ಟಿದವರು. ಬೀದರಕ್ಕ ಹೋಗಬೇಕಾದ್ರ ಕಮಾನು ಗಾಡಿಗಿ ಹಿಂದ ಮುಂದ ಅರಿವಿ ಕಟ್ತಿದ್ರಂತ. ಔರಾದದಿಂದ ಬೀದರಕ್ಕ ಸುಮಾರು ನಲ್ವತ್ತು ಕಿಲೋಮೀಟರು. ಸಂತಪುರ ಯಾವಾಗ ಬಂತು, ಯಾವಾಗ ಹೋತು, ಒಳಗ ಕುಂತವರಿಗಿ ಗೊತ್ತೇ ಆಗ್ತಿರ್ಲಿಲ್ಲ. 1948ರ ಸಪ್ಟೆಂಬರದಾಗ ಹೈದರಾಬಾದ ಸಂಸ್ಥಾನ ಭಾರತಕ್ಕ ಸೇರ್ತು, 1956ರ ನವೆಂಬರ ಒಂದಕ್ಕ ಬೀದರ ಕನ್ನಡ ನಾಡಿಗಿ ಬಂತು. ಸರ್ಕಾರ ಎರಡು ಸಲ ಬದಲಾತು, ನಮ್ಮ ಪಡಸಾಲಿ ಚಿಕ್ಕು ಮಾತ್ರ 1988ರ ತನಕ ಅಲ್ಲೇ ಇತ್ತು.

ಈಗ ಗೇಮಿನ ಕಡಿ ಬರ್ರಿ. ಕೈಯಾಗ ಹಿಡಿಯೋ ಗೇಮ್ ಹುಟ್ಟಿದ ಕತಿ ಓದಿದಾಗ ನನಗ ಆಶ್ಚರ್ಯ ಆತು. ಜಪಾನಿನ ನಿಂಟೆಂಡೋ ಕಂಪನ್ಯಾಗ ಗುನ್‌ಪೇ ಯೊಕೊಯಿ ಅಂತ ಒಬ್ಬ ಇಂಜಿನಿಯರ್ ಇದ್ದ. ಅವ ಒಂದಿನ ಬುಲೆಟ್ ರೈಲಿನಾಗ ಹೊಂಟಾಗ, ಬ್ಯಾಸರಾದ ಒಬ್ಬ ನೌಕರದಾರ ಕ್ಯಾಲ್ಕುಲೇಟರಿನ ಗುಂಡಿ ಒತ್ತುತಾ ಆಟ ಆಡ್ಲಾಕತ್ತಿದ್ನಂತ. ದೊಡ್ಡ ಮನುಷ್ಯಾಗ ನಾಲ್ಕು ಮಂದಿ ಮುಂದ ಆಟ ಆಡ್ಲಾಕ ನಾಚಿಗಿ ಬರ್ತದ, ತೊಡಿ ಮ್ಯಾಲ ಕೈ ಇಟ್ಟು ಯಾರಿಗೂ ಕಾಣದಂಗ ಆಡೋದು ಒಂದು ಬೇಕು ಅಂತ ಯೊಕೊಯಿಗಿ ಹೊಳೀತಂತ. 1980ರಾಗ ಗೇಮ್ ಆಂಡ್ ವಾಚ್ ಅನ್ನೋ ಸಣ್ಣ ಆಟ ಹೊರಗ ಬಂತು. ಎರಡೂ ಹೆಬ್ಬೆಟ್ಟಿನಿಂದ ಆಡೋದು. ಆ ಸಾಲಿನ ಆಟ ನಾಲ್ಕು ಕೋಟಿಗಿಂತ ಹೆಚ್ಚು ಖರ್ಚಾದ್ವು. ಅಂದ್ರ ಈ ಆಟ ಹುಟ್ಟಿದ್ದೇ ಮಂದಿ ಕಣ್ಣಿಂದ ಜರಾ ಮರಿಯಾಗಿ ಆಡ್ಲಾಕ. ನನ್ನ ಮೊಮ್ಮಗಳು ಹೊಸಾದೇನೂ ಕೇಳಿಲ್ಲ.

1989ರಾಗ ಗೇಮ್ ಬಾಯ್ ಬಂತು. ಅದರ ಹಸಿರು ಸ್ಕ್ರೀನಿಗಿ ಒಳಗ ದೀಪ ಇರ್ಲಿಲ್ಲ, ಬೆಳಕಿಗಿ ಹಿಡ್ದು ಆಡಬೇಕು. ಅಂಥದ್ದು ನಮ್ಮ ಔರಾದಕ್ಕೆಲ್ಲಿ ಬರಬೇಕು! ನಮಗ ಬಂದದ್ದು ಇಟ್ಟಂಗಿ ಬೀಳೋ ಗೇಮ್. ನೆನಪದ ಇಲ್ಲೋ? "9999 ಗೇಮ್" ಅಂತ ಮ್ಯಾಲ ಬರ್ದಿರ್ತಿತ್ತು, ಜಾತ್ರ್ಯಾಗ, ಬಸ್ಟ್ಯಾಂಡ್ ಅಂಗಡ್ಯಾಗ ಮಾರ್ತಿದ್ರು. ಆ ಆಟದ ಮೂಲ ಹೆಸರು ಟೆಟ್ರಿಸ್, 1984ರಾಗ ಮಾಸ್ಕೋದಾಗ ಅಲೆಕ್ಸಿ ಪಜಿತ್ನೋವ್ ಅನ್ನೋರು ಮಾಡಿದ್ದು. ನನ್ನ ಮಗನಿಗಿ ಅಂತ ತಂದಿದ್ದೆವು, ಖರೇ ಹೇಳ್ಬೇಕಂದ್ರ ಹೆಚ್ಚು ಆಡಿದ್ದು ನಾನೇ. ಎಲ್ಲರೂ ಮಲಗಿದ ಮ್ಯಾಲ, ದೇವರ ಕೋಲಿ ಸಣ್ಣ ಬಲ್ಬಿನ ಕೆಳಗ. ಬಾಜುಲಿಂದ ನೋಡಿದ್ರ ಆ ಸ್ಕ್ರೀನಿನಾಗಿನ ಇಟ್ಟಂಗಿ ಮಸಕಾಗಿ ಕಾಣ್ತಿದ್ವು, ಹಿಂಗಾಗಿ ನಾ ಸೋತದ್ದು ಯಾರಿಗೂ ತಿಳೀತಿರ್ಲಿಲ್ಲ. ಟಿಕ್ ಟಿಕ್ ಸಪ್ಪಳ ಕೇಳಿ ನಮ್ಮವರು ಮಾತ್ರ ಮಗ್ಗಲಾಗಿ ನಗ್ತಿದ್ರು.

ಆವಾಗಿನ ಸ್ಕ್ರೀನ್ ಬಾಜುಲಿಂದ ಮಸಕಾಗೋದು ಒಂದು ಊನ ಅಂತ ಇಂಜಿನಿಯರಗೋಳು ತಲಿ ಕೆಡಿಸಿಕೊಂಡ್ರು. ಜಪಾನಿನ ಹಿಟಾಚಿ ಕಂಪನಿ 1990ರ ದಶಕದಾಗ ಐಪಿಎಸ್ ಅನ್ನೋ ಹೊಸ ನಮೂನಿ ಸ್ಕ್ರೀನ್ ತಂತು. ಯಾವ ಬಾಜುಲಿಂದ ನೋಡಿದ್ರೂ ಬಣ್ಣ ಹಂಗೇ ಇರ್ತದ. ನಮ್ಮ ಟಿವಿ, ಮೊಬೈಲ್ ಭಿ ಅದರಿಂದ ಚಂದ ಆದ್ವು. 2017ರ ಮಾರ್ಚದಾಗ ಬಂದ ಸ್ವಿಚ್ಚಿನ ಸ್ಕ್ರೀನ್ ಭಿ ಇದೇ ನಮೂನಿದು. ನಾಲ್ಕು ಮಂದಿ ಸುತ್ತ ಕುಂತು ನೋಡ್ಲಾಕ ಆಗ್ತದ. ಇಷ್ಟು ವರ್ಷ ಬಡಿದಾಡಿ ಎಲ್ಲಾ ಬಾಜುಲಿಂದ ಕಾಣೋ ಸ್ಕ್ರೀನ್ ಮಾಡಿದ್ರು. ಈಗ ನಾವು ರೊಕ್ಕ ಕೊಟ್ಟು ಬಾಜುಲಿಂದ ಕಾಣದಂಗ ಮಾಡ್ಕೋಲಾಕತ್ತೀವಿ!

ಆ ಗ್ಲಾಸ್ ಹೆಂಗ ಕೆಲಸ ಮಾಡ್ತದ? ಇದು ನಮ್ಮ ಹೊಲದಾಗೇ ಅದ. ಜೋಳದ ಹೊಲದ ಬದುವಿನ ಮ್ಯಾಲ, ಸಾಲಿಗಿ ಬರೋಬ್ಬರಿ ಎದುರು ನಿಂತು ನೋಡ್ರಿ. ಎರಡು ಸಾಲಿನ ನಡುವ ಆ ತುದಿ ತನಕ ಕಾಣ್ತದ. ಎರಡು ಹೆಜ್ಜಿ ಬಾಜು ಸರಿದು ವಾರಿ ನೋಡಿದ್ರ ದಂಟಿಗಿ ದಂಟು ಅಡ್ಡ ಬಂದು ಏನೂ ಕಾಣಂಗಿಲ್ಲ. ಪ್ರೈವೆಸಿ ಫಿಲ್ಮಿನ ಒಳಗ ಕೂದಲಕ್ಕಿಂತ ಸಣ್ಣ ಕರಿ ಗೆರಿ ಹಿಂಗೇ ಸಾಲಾಗಿ ನಿಂತಿರ್ತಾವ. ಎದುರಿನಿಂದ ಬೆಳಕು ನಡುವ ಹಾದು ಬರ್ತದ, ವಾರಿಲಿಂದ ಗೆರಿ ತಡೀತಾವ. ನಡುವಿನಿಂದ ಆ ಕಡಿ ಈ ಕಡಿ ಸುಮಾರು ಮೂವತ್ತು ಡಿಗ್ರಿ ಸರಿದ್ರ ಕರ್ರಗ. ಅಮೆರಿಕದ ತ್ರೀಎಂ ಕಂಪನಿ ಇಂಥ ಫಿಲ್ಮಿಗಿ ಹೆಸರಾದದ್ದು. ಆಫೀಸಿನ ಕಂಪ್ಯೂಟರಿಗಿ ಹಾಕೋದು ಇದನ್ನೇ. ನಮ್ಮ ಬಿದಿರಿನ ಚಿಕ್ಕಿನ ಮರಿಮಗಳು ಅನ್ರಿ.

ಇಷ್ಟು ತಿಳ್ಕೊಂಡಿದ್ರೂ ನಾ ಒಂದು ತಪ್ಪು ಮಾಡ್ದೆ. ಅದನ್ನ ಮುಚ್ಚಿಡಂಗಿಲ್ಲ. ಒಂದಿನ ರಾತ್ರಿ ಹುಡುಗಿ ಮಲಗಿದ ಮ್ಯಾಲ ಅಕಿ ಯಂತ್ರ ತಗೊಂಡು ಚಾಲೂ ಮಾಡಿ ನೋಡ್ದೆ. ಏನಿತ್ತು? ಒಂದು ಗಾಡಿ ಓಡಿಸೋ ಆಟ, ಒಂದು ಊರು ಕಟ್ಟೋ ಆಟ. ಅಷ್ಟೇ. ಇಟ್ಟ ಜಾಗದಾಗೇ ಇಟ್ಟು ಮಲಗ್ದೆ. ಮುಂಜಾನಿ ಅಕಿ ಕೈಯಾಗ ಹಿಡಿದ ಕೂಡ್ಲೇ ತಿಳ್ಕೊಂಡಳು, ನಾ ಆಟ ನಡುವ ಬಿಟ್ಟಿದ್ದೆ. ನನ್ನ ಮಾರಿ ನೋಡಿದಳು, ಏನೂ ಅನ್ಲಿಲ್ಲ. ಮಧ್ಯಾಹ್ನದ ತನಕ ಮಾತಾಡ್ಲಿಲ್ಲ.

ಬೀದರದವರಿಗಿ ಮಹಮೂದ್ ಗಾವಾನನ ಕತಿ ನಾ ಹೇಳೋದು ಬೇಕಿಲ್ಲ. 1472ರಾಗ ಮದರಸಾ ಕಟ್ಟಿಸಿದ ಅಷ್ಟು ದೊಡ್ಡ ಮಂತ್ರಿ. ಅವನ ಮುದ್ರಿ ಇದ್ದ ಖಾಲಿ ಕಾಗದದ ಮ್ಯಾಲ ವೈರಿಗೋಳು ಸುಳ್ಳು ಪತ್ರ ಬರ್ದು ಸುಲ್ತಾನಗ ತೋರ್ಸಿದ್ರು. ಸುಲ್ತಾನ ಪೂರಾ ವಿಚಾರ ಮಾಡ್ಲಿಲ್ಲ, 1481ರಾಗ ತಲಿ ತಗಸಿದ. ಆಮ್ಯಾಲ ಖರೇ ತಿಳಿದು ಅತ್ತ. ನಾ ಸುಲ್ತಾನ ಅಲ್ಲ, ಮನ್ಯಾಗಿನ ಮುದುಕಿ. ಆದ್ರ ಕೇಳೋದಕ್ಕಿಂತ ಮೊದ್ಲು ಮನಸ್ಸಿನಾಗ ತೀರ್ಪು ಕೊಡೋ ಚಟ ನನಗೂ ಅದ ಅಂತ ಅವತ್ತು ತಿಳೀತು.

ಮಧ್ಯಾಹ್ನ ಅಕಿ ತಲಿಗಿ ಎಣ್ಣಿ ಹಚ್ಚೋ ಹೊತ್ತಿನಾಗ, "ತಪ್ಪಾತವ್ವ, ನಿನ್ನ ಕೇಳಬೇಕಿತ್ತು" ಅಂದೆ. ಆವಾಗ ಬಾಯಿ ಬಿಟ್ಟಳು. ಬಸ್ಸಿನಾಗ ಬಾಜು ಕುಂತವರು ಹೆಗಲ ಮ್ಯಾಲ ಬಗ್ಗಿ ನೋಡ್ತಾರಂತ. ಜಹೀರಾಬಾದದಿಂದ ಬೀದರ ತನಕ ಒಬ್ಬರು, "ಹುಡುಗೇರಿಗಿ ಇದೆಲ್ಲಾ ಯಾಕ" ಅಂತ ಹೇಳ್ಕೋತೇ ಬಂದ್ರಂತ. ಮನ್ಯಾಗ ಅಣ್ಣಂದಿರು, "ಹಂಗಲ್ಲ, ಹಿಂಗ ಒತ್ತು, ನಿನಗ ಬರಂಗಿಲ್ಲ, ಇಲ್ಲಿ ಕೊಡು" ಅಂತ ಕಸ್ಕೋತಾರಂತ. "ನಾ ಸೋತ್ರ ಸೋಲ್ತೀನಿ ಆಯಿ. ಎಲ್ಲಾರೂ ನೋಡ್ಕೋತ ಕುಂತ್ರ ನನಗ ಸೋಲ್ಲಾಕ ಭಿ ಆಗಂಗಿಲ್ಲ" ಅಂದಳು.

ದೇವರ ಕೋಲಿ ಬಲ್ಬು ನೆನಪಾತು. ಗ್ಲಾಸ್ ಕೊಡಿಸ್ಬೇಕು ಅಂತ ನಿರ್ಧಾರ ಮಾಡ್ದೆ.

ಕೊಡಿಸೋದರಾಗ ಭಿ ಒಂದು ಸಲ ಮೋಸ ಹೋದೆವು. ಒಂದು ಅಂಗಡ್ಯಾಗ ಟ್ಯಾಬಿನ ದೊಡ್ಡ ಹಾಳಿ ಕತ್ತರಿಸಿ ಹಚ್ಚಿ ಕೊಟ್ರು. ಮನಿಗಿ ಬಂದು ನೋಡಿದ್ರ ಬಾಜು ಕುಂತ ನನಗ ಎಲ್ಲಾ ಬೆಳ್ಳಗ ಕಾಣ್ತದ, ಅಕಿ ಯಂತ್ರ ಜರಾ ಮ್ಯಾಲ ಕೆಳಗ ಮಾಡಿದ್ರ ಅಕಿಗೇ ಕರ್ರಗ! ಯಾಕಂದ್ರ ಗೆರಿ ಅಡ್ಡ ಬಿದ್ದಿದ್ವು. ಜೋಳದ ಸಾಲು ನೆನೆಸ್ಕೋರಿ, ಗೆರಿ ನಿಂತಿರಬೇಕು, ಮಲಗಬಾರದು. ಮೊಬೈಲಿನ ಪ್ರೈವೆಸಿ ಗ್ಲಾಸ್ ಉದ್ದ ಹಿಡಿದಾಗ ಬಾಜು ಮುಚ್ಚತದ, ಅಡ್ಡ ಹಿಡಿದ್ರ ಮುಚ್ಚಂಗಿಲ್ಲ. ಗೇಮಿನ ಯಂತ್ರ ಯಾವಾಗಲೂ ಅಡ್ಡ ಹಿಡಿಯೋದು. ಅದಕ್ಕ ಅಡ್ಡ ಹಿಡಿದಾಗ ಬಾಜು ಮುಚ್ಚೋದೇ ಬೇಕು. ಮತ್ತೊಂದು ಕತ್ತರಿಸಿಕೊಂಡು ಬಂದೆವು.

ನೀವು ಕೊಳ್ಳೋ ಮುಂದ ಇಷ್ಟು ನೋಡ್ರಿ:

ಮೊದ್ಲು ಪೇಪರಿನ ಪರೀಕ್ಷಾ. ಫಿಲ್ಮನ್ನ ಯಂತ್ರದ ಮ್ಯಾಲ ಹೆಂಗ ಕೂಡ್ತದೋ ಹಂಗ ಅಡ್ಡ ಪೇಪರಿನ ಮ್ಯಾಲ ಇಡ್ರಿ. ಎದುರಿಂದ ಅಕ್ಷರ ಕಾಣಬೇಕು, ಎಡಕ್ಕ ಬಲಕ್ಕ ಸರಿದ್ರ ಕರ್ರಗ ಆಗ್ಬೇಕು.

ಅಳತಿ ಬರೋಬ್ಬರಿ ಹೇಳ್ರಿ. ಮೊದಲಿನ ಸ್ವಿಚ್ 6.2 ಇಂಚು, ಲೈಟ್ ಅನ್ನೋದು 5.5, ಒಎಲ್‌ಇಡಿ ಅನ್ನೋದು 7 ಇಂಚು. ಒಂದರದು ಇನ್ನೊಂದಕ್ಕ ಕೂಡಂಗಿಲ್ಲ. ಒಎಲ್‌ಇಡಿ ಯಂತ್ರಕ್ಕ ಕಂಪನಿಯವರೇ ಒಂದು ತೆಳ್ಳನ ಫಿಲ್ಮ್ ಹಚ್ಚಿರ್ತಾರ, ಗಾಜು ಒಡೆದ್ರ ಸಿಡೀಬಾರದು ಅಂತ. ಅದನ್ನ ಕೀಳಬ್ಯಾಡ್ರಿ, ಅದರ ಮ್ಯಾಲೇ ಹಚ್ಚರಿ.

ಬೆಳಕಿನ ಲೆಕ್ಕ ಇಡ್ರಿ. ಚಿಕ್ಕು ಬಿಟ್ರ ಪಡಸಾಲಿ ಕತ್ತಲಾಗ್ತದಲ್ಲ, ಇಲ್ಲೂ ಹಂಗೇ. ಕರಿ ಗೆರಿ ಬೆಳಕು ತಿಂತಾವ, ಸ್ಕ್ರೀನ್ ಮಬ್ಬಾಗ್ತದ. ಹುಡುಗೋರು ಬ್ರೈಟ್‌ನೆಸ್ ಏರಿಸ್ತಾರ, ಬ್ಯಾಟರಿ ಲಗೂ ಇಳೀತದ. ಕಣ್ಣು ಸಣ್ಣ ಮಾಡಿ ನೋಡ್ಲಾಕತ್ರ ಆ ಫಿಲ್ಮ್ ಬ್ಯಾಡ.

ದಪ್ಪ ನೋಡ್ರಿ. ಟಿವಿಗಿ ಹಚ್ಚೋ ಡಾಕಿನಾಗ ಯಂತ್ರ ಸಲೀಸಾಗಿ ಇಳೀಬೇಕು, ತಿಕ್ಕಬಾರದು.

ಕಡೀಗಿ, ಆದ್ರ ತೆಗೀಲಾಕ ಬರೋದು ತಗೋರಿ. ಕಾಯಂ ಅಂಟಿಸೋ ಪ್ರೈವೆಸಿ ಗ್ಲಾಸ್ ಹಚ್ಚಿದ್ರ ಇಬ್ಬರು ಮಗ್ಗಲಾಗ ಕುಂತು ಆಡ್ಲಾಕ ಆಗಂಗಿಲ್ಲ. ನಾವು ಗೀರು ಬೀಳದಂಗ ಸಾದಾ ಗ್ಲಾಸ್ ಒಂದು ಕಾಯಂ ಹಚ್ಚಿಸಿ, ಅದರ ಮ್ಯಾಲ ತೆಗೆದು ಹಚ್ಚೋ ಪ್ರೈವೆಸಿ ಫಿಲ್ಮ್ ಇಟ್ಟೆವು. ಬಸ್ಸಿನಾಗ ಹಾಕೋದು, ಅಣ್ಣಂದಿರ ಕೂಡ ಆಡೋವಾಗ ತೆಗೆಯೋದು. ಯಾವಾಗ ಹಾಕಬೇಕು, ಯಾವಾಗ ತೆಗೀಬೇಕು, ಅಕಿ ಮರ್ಜಿ.

"ಅಷ್ಟು ಬಿಟ್ರ ಹುಡುಗೋರು ಕೈಬಿಟ್ಟು ಹೋಗ್ತಾರ" ಅಂತ ನೆಗೆಣ್ಣಿ ಅಂದಳು. ಅಕಿ ಮಾತಿನಾಗೂ ಖರೇ ಅದ. ಸಣ್ಣ ಹುಡುಗೋರ ಮ್ಯಾಲ ಕಣ್ಣಿರಬೇಕು. ಅದಕ್ಕ ಯಂತ್ರದಾಗೇ ತಾಯಿ ತಂದಿ ಸಲುವಾಗಿ ವ್ಯವಸ್ಥಾ ಅದ. ಮೊಬೈಲಿನಾಗ ಆ್ಯಪ್ ಹಾಕೊಂಡ್ರ ಯಾವ ಆಟ ಎಷ್ಟು ಹೊತ್ತು ಆಡ್ಯಾರ ತಿಳೀತದ, ದಿನಕ್ಕ ಇಷ್ಟೇ ಹೊತ್ತು ಅಂತ ಗೊತ್ತು ಮಾಡ್ಲಾಕ ಬರ್ತದ. ನನ್ನ ಮಗಳು ಮಗಳನ್ನ ಮುಂದ ಕುಂಡ್ರಿಸ್ಕೊಂಡೇ ಹಾಕಿದಳು, ದಿನಕ್ಕ ಒಂದು ತಾಸು ಅಂತ. ಹುಡುಗಿ ತಾಸೂವರಿ ಕೇಳಿದಳು, ಒಂದು ತಾಸಿಗೇ ಒಪ್ಪಿದಳು. ರಾತ್ರಿ ಕಳ್ಳರಂಗ ಹೋಗಿ ನಾ ನೋಡಿದ್ದಕ್ಕಿಂತ ಅದು ನೆಟ್ಟಗದ.

ಸೂಟಿ ಮುಗಿದು ಅಕಿನ್ನ ಬಿಡ್ಲಾಕ ಹೈದರಾಬಾದ ಬಸ್ಸಿಗಿ ನಾನೇ ಹೋದೆ. ಬೀದರ ದಾಟಿದ ಮ್ಯಾಲ ಯಂತ್ರ ತೆಗೆದಳು, ಫಿಲ್ಮ್ ಹಚ್ಚಿದಳು. ಬಾಜು ಕುಂತ ನನಗ ಸ್ಕ್ರೀನ್ ಪೂರಾ ಕರ್ರಗ. ನಾ ಕಿಡಕಿ ಹೊರಗ ನೋಡ್ಕೋತ ಕುಂತೆ. ಜಹೀರಾಬಾದ ಹತ್ತಿರ ಬಂದಾಗ ನನ್ನ ಮೊಣಕೈ ತಟ್ಟಿ, "ಆಯಿ, ಇಲ್ಲಿ ನೋಡು" ಅಂತ ಯಂತ್ರ ನನ್ನ ಕಡಿ ತಿರುವಿದಳು. ಊರು ಕಟ್ಟೋ ಆಟದಾಗ ಅಕಿ ಒಂದು ಮನಿ ಕಟ್ಟಿದ್ದಳು, ಮುಂದೊಂದು ಕಟ್ಟಿ. "ಇದಕ್ಕ ಪರದಾ ಯಾವ ಬಣ್ಣದ್ದು ಹಾಕ್ಲಿ?" ಅಂತ ಕೇಳಿದಳು. ನಾ ಹಸಿರು ಅಂದೆ. ಅಕಿಗಿ ಮನಸ್ಸಿಗಿ ಬರ್ಲಿಲ್ಲ, ಹಳದಿ ಹಾಕಿದಳು.